ನೀರುಗಂಟಿಯ ಫುಟ್‌ಬಾಲ್ ತಂಡ

ದೇವಯ್ಯನವರ ಕೈಗಡಿಯಾರಕ್ಕೆ ಪಟ್ಟಿ ಇಲ್ಲ. ಅದು ಕಿತ್ತುಹೋಗಿ ಎಷ್ಟೋ ವರ್ಷವಾಯಿತಂತೆ. ಗಡಿಯಾರವನ್ನು ಒಂದು ಕಪ್ಪು ದಾರಕ್ಕೆ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಅಂಗಿಯ ಗುಂಡಿಗೆ ಸುತ್ತಿ, ಜೇಬಿನೊಳಗೆ ಇಟ್ಟುಕೊಂಡಿರುತ್ತಾರೆ. ನಮ್ಮೂರಿನ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡ ಹೋದ ಬೇಸಿಗೆಯವರೆಗೆ ಆಡಿದ ಒಂಬತ್ತು ಪಂದ್ಯಗಳೂ ಆ ಗಡಿಯಾರದ ಪ್ರಕಾರವೇ ನಡೆದವು. ಒಂಬತ್ತರಲ್ಲಿ ಎಂಟು ಸೋತೆವು. ಒಂದು ಸಮವಾಯಿತು, ಅದೂ ಜೋರು ಮಳೆ ಬಂದು ಆಟ ನಿಂತದ್ದರಿಂದ.

ನಮ್ಮೂರು ಪಾಂಡವಪುರದಿಂದ ಆರು ಕಿಲೋಮೀಟರ್, ನಾಲೆಯ ಏರಿಗೆ ಅಂಟಿಕೊಂಡಂತೆ ಇದೆ. ನಮ್ಮೂರು ಎಂದು ಈಗ ಧೈರ್ಯವಾಗಿ ಬರೆಯುತ್ತೇನೆ. ನಾನು ಹುಟ್ಟಿ ಓದಿದ್ದು ಮೈಸೂರಿನಲ್ಲಿ. ಯಜಮಾನರಾದ ಲೋಕೇಶ್ ಅವರಿಗೆ ಪಾಂಡವಪುರದ ಬ್ಯಾಂಕಿಗೆ ವರ್ಗವಾದಾಗ, ಮಗಳು ಅರ್ಪಿತಳನ್ನು ಕರೆದುಕೊಂಡು ಅತ್ತೆಯ ಮನೆಗೆ ಬಂದು ಮೂರು ವರ್ಷವಾಯಿತು. ಬಂದ ಮೊದಲ ವಾರವೇ, ಮಗಳು ನೀರಿನ ಕಡೆ ಹೋದಾಳೆಂಬ ಭಯಕ್ಕೆ, ನಾಲೆಯಿಂದ ನಮ್ಮ ಮನೆ ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಅಳೆದಿದ್ದೆ. ನೂರ ಎಂಬತ್ತು. ಅತ್ತೆ ಚಿಕ್ಕಬೋರಮ್ಮನವರು ಅದನ್ನು ಇಂದಿಗೂ ಬಂದ ನೆಂಟರಿಗೆಲ್ಲ ಹೇಳಿ ನಗುತ್ತಾರೆ.

ಹಾಗಿರುವಾಗ ಅರ್ಪಿತ ಒಂದು ಸಂಜೆ ಮೊಣಕಾಲು ತರಚಿಕೊಂಡು ಮನೆಗೆ ಬಂದು, ತಾನು ಫುಟ್‌ಬಾಲ್ ತಂಡ ಸೇರಿರುವುದಾಗಿ ಹೇಳಿದಳು. ಯಾರನ್ನು ಕೇಳಿ ಸೇರಿದೆ ಎಂದರೆ, ದೇವಯ್ಯ ತಾತನನ್ನು ಕೇಳಿ ಎಂದಳು.

ಮರುದಿನ ಒಂದು ಚೀಲದಲ್ಲಿ ಹತ್ತಿ, ಬ್ಯಾಂಡೇಜು, ಗಾಯದ ಮುಲಾಮು, ಗ್ಲೂಕೋಸ್ ಪುಡಿ, ಕಾಯಿಸಿ ಆರಿಸಿದ ನೀರು ಎಲ್ಲ ತುಂಬಿಕೊಂಡು ಮೈದಾನಕ್ಕೆ ಹೋದೆ. ಮೈದಾನವೆಂದರೆ ದೇವರಾಜು ಅವರ ಹಳೆಯ ಆಲೆಮನೆಯ ಅಂಗಳ. ಬೆಲ್ಲದ ಒಲೆ ಆರಿ ಹತ್ತು ವರ್ಷವಾಗಿದ್ದರೂ ಮೂಲೆಯಲ್ಲಿ ಕಬ್ಬಿನ ಸಿಪ್ಪೆಯ ಗುಡ್ಡೆ ಹಾಗೇ ಇತ್ತು. ಎರಡು ಕಡೆ ಸರ್ವೆಮರದ ಗಳು ನೆಟ್ಟು ಗೋಲು ಮಾಡಿದ್ದರು. ಅರವತ್ತೈದರ ಒಬ್ಬ ತೆಳ್ಳನೆಯ ಮನುಷ್ಯ ಪಂಚೆ ಮೇಲಕ್ಕೆ ಕಟ್ಟಿ, ಬರಿಗಾಲಲ್ಲಿ ಚೆಂಡನ್ನು ತಳ್ಳುತ್ತಾ ಹುಡುಗಿಯರ ನಡುವೆ ನಡೆಯುತ್ತಿದ್ದರು. ನನ್ನ ಚೀಲದೊಳಗೆ ಒಮ್ಮೆ ಇಣುಕಿ ನೋಡಿದರು.

“ಆಸ್ಪತ್ರೆನೇ ಎತ್ಕಂಡ್ ಬಂದ್ಬುಟ್ಟಿದ್ದೀರಲ್ಲವ್ವ” ಎಂದರು. “ಒಳ್ಳೇದಾಯ್ತು. ನಂತಾವ ಅರಿಶಿನ ಒಂದೇ ಇರದು.”

ಅಂದಿನಿಂದ ದಿನಾ ಸಂಜೆ ನಾನೂ ಅಲ್ಲಿ. ಮಗಳನ್ನು ಕಾಯಲು ಹೋದವಳು ದೇವಯ್ಯನವರನ್ನು ನೋಡತೊಡಗಿದೆ.

ಅವರದು ನೀರುಗಂಟಿಯ ಮನೆ. ತೂಬಿನ ಬಾಗಿಲೆತ್ತಿ ಇಳಿಸಿ, ಯಾರ ಗದ್ದೆಗೆ ಯಾವ ಹೊತ್ತಿನಲ್ಲಿ ಎಷ್ಟು ಹೊತ್ತು ನೀರು ಎಂದು ಹಂಚುವ ಕೆಲಸ ಅವರ ತಾತನ ಕಾಲದಿಂದ ಬಂದದ್ದು. ಹರೆಯದಲ್ಲಿ ಅದು ಬೇಡವೆಂದು ಮೈಸೂರಿಗೆ ಓಡಿಹೋಗಿ ಒಂದು ನೂಲಿನ ಗಿರಣಿ ಸೇರಿದ್ದರಂತೆ. ಗಿರಣಿಯವರ ಫುಟ್‌ಬಾಲ್ ತಂಡದಲ್ಲಿ ಆರು ವರ್ಷ ಆಡಿದರು. ಗೋಲು ಹೊಡೆಯುವ ಜಾಗದಲ್ಲಲ್ಲ, ಹಿಂದೆ, ಎಡಗಡೆ ಕಾಯುವ ಜಾಗದಲ್ಲಿ. ಆರು ವರ್ಷದಲ್ಲಿ ತಾನು ಹೊಡೆದದ್ದು ಒಂದೇ ಗೋಲು, ಅದೂ ತಪ್ಪಿ ತಮ್ಮದೇ ಗೋಲಿಗೆ ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು. ತಂದೆ ಹಾಸಿಗೆ ಹಿಡಿದಾಗ ಊರಿಗೆ ಮರಳಿ, ಮೂವತ್ತು ವರ್ಷ ನೀರು ಹಂಚಿದರು. ಗಡಿಯಾರ ಆ ಕೆಲಸಕ್ಕೆಂದು ತೆಗೆದುಕೊಂಡದ್ದು. ಹೆಂಡತಿ ಕುಳ್ಳಮ್ಮನವರು ಮನೆಯಲ್ಲಿ ಎರಡು ಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತಾರೆ. ಗಡಿಯಾರದ ಜೊತೆ ಬಾಳುವೆ ಮಾಡಿದ ಗಂಡಸು ಮನೆಯ ಊಟಕ್ಕೆ ಮಾತ್ರ ಯಾವತ್ತೂ ಹೊತ್ತಿಗೆ ಸರಿಯಾಗಿ ಬಂದದ್ದಿಲ್ಲ ಎಂಬುದು ಅವರ ದೂರು.

ತಂಡದಲ್ಲಿ ಹದಿನಾಲ್ಕು ಹುಡುಗಿಯರು, ಒಂಬತ್ತರಿಂದ ಹನ್ನೆರಡು ವಯಸ್ಸಿನವರು. ಸುತ್ತಮುತ್ತ ನಡೆಯುವ ಪಂದ್ಯಗಳು ಏಳೇಳು ಜನರ ಆಟ. ಆಟದ ಮಧ್ಯೆ ಎಷ್ಟು ಸಲ ಬೇಕಾದರೂ ಒಳಗಿರುವವರನ್ನು ಕರೆದು ಹೊರಗಿರುವವರನ್ನು ಬಿಡಬಹುದು. ಬೇರೆ ತಂಡದವರು ಚೆನ್ನಾಗಿ ಆಡುವವರನ್ನು ಒಳಗೇ ಇಟ್ಟು, ಉಳಿದವರ ಕೈಗೆ ನೀರಿನ ಬಾಟಲಿ ಕೊಟ್ಟು ಕೂರಿಸುತ್ತಾರೆ. ದೇವಯ್ಯನವರದು ಬೇರೆ ಲೆಕ್ಕ. ಹತ್ತು ನಿಮಿಷಕ್ಕೆ ಒಂದು ಸರದಿ. ಅವರು ಕೈ ಎತ್ತಿದರೆ ಸರದಿ ಮುಗಿದವರು ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಹೊರಗೆ ಬರಬೇಕು, ಕಾದಿದ್ದವರು ಒಳಗೆ ಓಡಬೇಕು. ಅದರಲ್ಲೂ ಮೊದಲ ಸರದಿ ಎಲ್ಲರಿಗಿಂತ ನಿಧಾನದ ಹುಡುಗಿಯರಿಗೆ. ಮೇಘನ ಎಂಬ ದಪ್ಪ ಕನ್ನಡಕದ ಹುಡುಗಿಗೆ ಚೆಂಡು ಕಾಲಿನ ಹತ್ತಿರ ಬಂದರೆ ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸ. ಪ್ರತಿ ಪಂದ್ಯವೂ ಅವಳಿಂದಲೇ ಶುರು.

ಯಾಕೆ ಹೀಗೆ ಎಂದು ನಾನು ಒಮ್ಮೆ ಕೇಳಿದ್ದೆ.

“ಮೇಲ್ಗಡೆ ಗದ್ದೆ ಎಂಗಾದ್ರೂ ಕುಡೀತದೆ ಕಣವ್ವ, ಕದ್ದಾದ್ರೂ ಕುಡೀತದೆ. ಕೊನೆಗದ್ದೆಗೆ ನಾವೇ ಕೊಡ್ಬೇಕು. ನೀರು ಕಮ್ಮಿ ಇದ್ದಾಗ ನಮ್ಮಪ್ಪ ಕೊನೆಯಿಂದ್ಲೇ ಬುಟ್ಕಂಡ್ ಬರೋನು.”

ಕೇಳಲು ಚೆನ್ನಾಗಿತ್ತು. ಆದರೆ ಶ್ರೀರಂಗಪಟ್ಟಣದಲ್ಲಿ ಐದು ಸೊನ್ನೆಯಿಂದ ಸೋತು ಬಂದ ದಿನ ಯಾರಿಗೂ ಚೆನ್ನಾಗಿ ಕೇಳಿಸಲಿಲ್ಲ.

ತಂಡದ ಸಮಿತಿಗೆ ದೇವರಾಜು ಅಧ್ಯಕ್ಷರು. ಅಂಗಳ ಅವರದು, ಹಸಿರು ಬಣ್ಣದ ಅಂಗಿಗಳನ್ನು ಹೊಲಿಸಿಕೊಟ್ಟವರೂ ಅವರೇ. ಕೆಟ್ಟವರಲ್ಲ. ಆದರೆ ಅವರ ಭಾವಮೈದುನ ನಾಗಮಂಗಲದ ಹುಡುಗಿಯರ ತಂಡ ನಡೆಸುತ್ತಿದ್ದ. ಮದುವೆಮನೆಗಳಲ್ಲಿ ಎದುರು ಸಿಕ್ಕಾಗಲೆಲ್ಲ, ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವಂತೆ, ನಿಮ್ಮ ತಂಡ ಈಗ ಎಷ್ಟು ಗೋಲಿಗೆ ಇಳಿದಿದೆ ಭಾವ ಎಂದು ವಿಚಾರಿಸುತ್ತಿದ್ದ. ದೇವರಾಜು ಅವರಿಗೆ ಆ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕೋಚ್ ಬದಲಾಯಿಸದೆ ವಿಧಿಯಿಲ್ಲ ಎಂದು ತೀರ್ಮಾನಿಸಿದರು. ಅವರ ತಂಗಿಯ ಮಗ ಕಿಶನ್ ಮೈಸೂರಿನಲ್ಲಿ ಕೋಚ್ ಆಗಿದ್ದ, ತರಬೇತಿ ಪಡೆದವನು, ಸರ್ಟಿಫಿಕೇಟು ಇತ್ತು. ವಾರಕ್ಕೆ ಮೂರು ದಿನ ಬರಲು ಒಪ್ಪಿದ್ದ. ಪೋಷಕರೆಲ್ಲ ಸಹಿ ಹಾಕಿ ಒಂದು ಅರ್ಜಿ ಕೊಟ್ಟರೆ ಸಮಿತಿ ಸಭೆ ಕರೆದು ಮುಗಿಸಬಹುದು ಎಂದರು.

ಅರ್ಜಿಯನ್ನು ಬರೆದುಕೊಟ್ಟವಳು ನಾನು.

ಅದನ್ನು ಮುಚ್ಚಿಡುವುದಿಲ್ಲ. ದೇವರಾಜು ಮನೆಗೇ ಬಂದು, ಓದಿದವರು ನೀವು, ನಿಮ್ಮ ಬರವಣಿಗೆ ಚೆಂದ ಎಂದರು. ನನಗೂ ಸರಿಯೆನಿಸಿತ್ತು. ಸರ್ಟಿಫಿಕೇಟು ಇರುವವನಿಗೆ ಆಟಕ್ಕೆ ಮುಂಚೆ ಮೈ ಸಡಿಲಿಸುವುದು ಹೇಗೆ, ಕಾಲು ಉಳುಕಿದರೆ ಏನು ಮಾಡಬೇಕು ಎಲ್ಲ ಗೊತ್ತಿರುತ್ತದೆ ಎಂದು ನನ್ನ ಲೆಕ್ಕ. ‘ಈಗಿನ ತರಬೇತುದಾರರಿಗೆ ಆಧುನಿಕ ಪದ್ಧತಿಗಳ ಪರಿಚಯವಿಲ್ಲದಿರುವುದರಿಂದ, ಮಕ್ಕಳ ಸುರಕ್ಷತೆ ಹಾಗೂ ಪ್ರಗತಿಯ ದೃಷ್ಟಿಯಿಂದ’ ಎಂದು ಬರೆದು, ಎರಡು ಸಲ ಓದಿ, ಮೊದಲ ಸಹಿಯನ್ನೂ ನಾನೇ ಹಾಕಿದೆ. ಅತ್ತೆ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಅದು ಏನೆಂದು ಕೇಳಿದರು, ಹೇಳಿದೆ. ಅವರು ಸುಲಿದ ಕಾಳನ್ನು ಮೊರದಲ್ಲಿ ಒಂದೆಡೆ ಸರಿಸಿದರು.

ಕೆ.ಆರ್. ಪೇಟೆಯ ಪಂದ್ಯ ಮುಗಿದ ಮೇಲೆ ಸಭೆ ಎಂದಾಯಿತು. ಅರ್ಜಿ ದೇವರಾಜು ಅವರ ಜೇಬಿನಲ್ಲಿತ್ತು. ದೇವಯ್ಯನವರಿಗೆ ಯಾರೂ ಹೇಳಿರಲಿಲ್ಲ.

ಆ ದಿನ ಏನೋ ಹುಡುಗಿಯರ ಕಾಲಲ್ಲಿ ಗಾಳಿ ಹೊಕ್ಕಂತಿತ್ತು. ಸ್ನೇಹ ಎಂಬ ಹುಡುಗಿ ನಮ್ಮ ತಂಡದಲ್ಲಿ ಎಲ್ಲರಿಗಿಂತ ಚುರುಕು. ಅವಳೊಬ್ಬಳೇ ಅರ್ಧ ಆಟದೊಳಗೆ ಎರಡು ಗೋಲು ಹೊಡೆದಳು. ಎರಡು ಸೊನ್ನೆ. ನಾವು ಹಿಂದೆಂದೂ ಮುಂದಿದ್ದವರೇ ಅಲ್ಲ, ಮುಂದಿರುವಾಗ ಹೇಗೆ ಕೂರಬೇಕೆಂದೇ ನಮಗೆ ತಿಳಿಯದು. ದೇವರಾಜು ಎದ್ದು ನಿಂತು, ಕೂತು, ಮತ್ತೆ ನಿಂತರು.

ಎರಡನೆಯ ಅರ್ಧ ಶುರುವಾದ ಎಂಟನೆಯ ನಿಮಿಷಕ್ಕೆ ಅರ್ಪಿತ ಬಿದ್ದಳು. ಬಿದ್ದವಳು ಏಳಲಿಲ್ಲ. ದೇವಯ್ಯನವರು ಅವಳನ್ನು ಎತ್ತಿಕೊಂಡು ಗೆರೆಯಾಚೆ ತಂದು ಮಲಗಿಸಿದರು. ನನ್ನ ಕೈ ಚೀಲದೊಳಗೆ ಹೋಗಿ ಬ್ಯಾಂಡೇಜು ಬಿಟ್ಟು ಗ್ಲೂಕೋಸು, ಗ್ಲೂಕೋಸು ಬಿಟ್ಟು ಹತ್ತಿ ಹಿಡಿಯುತ್ತಿತ್ತು. ಕಾಲು ಮುರಿದಿದೆ, ಮೈಸೂರಿಗೆ ಹೋಗಬೇಕು, ಗಾಡಿ ಯಾರದು ಎಂದೆಲ್ಲ ನಾನು ಮಾತಾಡಿದೆನಂತೆ. ದೇವಯ್ಯನವರು ಜೇಬಿನಿಂದ ಗಡಿಯಾರ ತೆಗೆದು, ದಾರ ಬಿಚ್ಚಿ, ನನ್ನ ಕೈಯಲ್ಲಿ ಇಟ್ಟರು.

“ನಾನು ಮಗೀನ್ ನೋಡ್ಕತೀನಿ. ನೀವು ಸರದಿ ನೋಡ್ಕಳಿ, ಹೋಗಿ. ಹತ್ತ್ ನಿಮಿಷಕ್ಕೆ ಕೈ ಎತ್ತಿ.”

ನನಗೆ ಒಂದು ಕೆಲಸ ಸಿಕ್ಕಿತು. ಕಣ್ಣು ಮುಳ್ಳಿನ ಮೇಲೆ ನೆಟ್ಟು ನಿಂತೆ. ಮೈದಾನದಲ್ಲಿ ಏನು ನಡೆಯುತ್ತಿದೆ ಎಂದು ನೋಡಲೇ ಇಲ್ಲ. ಈ ಒಂದಾದರೂ ತಪ್ಪದೆ ಮಾಡೋಣ ಎಂದು, ಹತ್ತನೆಯ ನಿಮಿಷಕ್ಕೆ ಸರಿಯಾಗಿ, ಒಂದು ಸೆಕೆಂಡೂ ಆಚೀಚೆಯಾಗದಂತೆ, ಕೈ ಎತ್ತಿದೆ.

ಸ್ನೇಹ ಆಗ ಚೆಂಡಿನೊಡನೆ ಒಬ್ಬಳೇ ಓಡುತ್ತಿದ್ದಳು. ಎದುರಿಗೆ ಅವರ ಗೋಲ್‌ಕೀಪರ್ ಬಿಟ್ಟರೆ ಯಾರೂ ಇರಲಿಲ್ಲ. ಎತ್ತಿದ ಕೈ ಕಂಡಿತು. ಎರಡು ವರ್ಷ ಕಲಿತದ್ದನ್ನು ಅವಳು ಮರೆಯಲಿಲ್ಲ. ಚೆಂಡನ್ನು ಅಲ್ಲೇ ಬಿಟ್ಟು, ತಿರುಗಿ, ಹೊರಗೆ ನಡೆದು ಬಂದಳು. ನಮ್ಮ ಗೋಲ್‌ಕೀಪರ್ ಹುಡುಗಿಯ ಸರದಿಯೂ ಮುಗಿದಿತ್ತು, ಅವಳೂ ಬಂದಳು. ಬದಲಿಗೆ ಹೋಗಬೇಕಾದವಳು ಇನ್ನೂ ಕೈಗವಸು ಏರಿಸಿಕೊಳ್ಳುತ್ತಿದ್ದಳು. ಕೆ.ಆರ್. ಪೇಟೆಯ ಹುಡುಗಿಯೊಬ್ಬಳು ಬಿಟ್ಟ ಚೆಂಡನ್ನು ಕಾಲಲ್ಲಿ ತಳ್ಳಿಕೊಂಡು ಹೋಗಿ, ಯಾರೂ ಇಲ್ಲದ ಗೋಲಿನೊಳಗೆ ನಿಧಾನವಾಗಿ ಉರುಳಿಸಿದಳು. ನೋಡುತ್ತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಮ್ಮ ಹುಡುಗಿಯರು ದಿಕ್ಕುಗೆಟ್ಟರು. ಇನ್ನೆರಡು ಗೋಲು ಬಿತ್ತು. ಮೂರು ಎರಡರಿಂದ ಸೋತೆವು.

ಅರ್ಪಿತಳ ಕಾಲು ಮುರಿದಿರಲಿಲ್ಲ. ಸಣ್ಣ ಉಳುಕು. ವಾಪಸು ಬರುವಾಗ ಲಗೇಜ್ ಆಟೋದಲ್ಲಿ ಅವಳು ದೇವಯ್ಯನವರ ತೊಡೆಯ ಮೇಲೆ ಕಾಲು ಚಾಚಿ ನಿದ್ದೆ ಹೋದಳು. ನಾನು ಗಡಿಯಾರ ಹಿಂದಕ್ಕೆ ಕೊಟ್ಟೆ. ಅವರು ದಾರವನ್ನು ಗುಂಡಿಗೆ ಸುತ್ತಿಕೊಂಡರು.

ಭಾನುವಾರ ಬೆಳಿಗ್ಗೆ ಆಲೆಮನೆಯ ಅಂಗಳದಲ್ಲಿ ಸಭೆ ಸೇರಿತು. ಹೆಚ್ಚುಕಡಿಮೆ ಎಲ್ಲ ಹುಡುಗಿಯರ ಮನೆಯವರೂ ಬಂದಿದ್ದರು. ಅತ್ತೆಯೂ ನನ್ನ ಹಿಂದೆಯೇ ಬಂದು ಜಗಲಿಯ ಮೇಲೆ ಕೂತರು. ಕಿಶನ್ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದ. ಶುಭ್ರವಾದ ಬೂಟು, ಕೊರಳಲ್ಲಿ ಸೀಟಿ. ಮಾತು ವಿನಯದ್ದು. ದೇವಯ್ಯನವರು ಗೋಲಿನ ಸರ್ವೆ ಗಳುವಿಗೆ ಒರಗಿ ನಿಂತಿದ್ದರು.

ದೇವರಾಜು ಅರ್ಜಿಯನ್ನು ಗಟ್ಟಿಯಾಗಿ ಓದಿದರು. ನನ್ನ ವಾಕ್ಯಗಳು ಅವರ ಬಾಯಲ್ಲಿ ನನ್ನವೆನಿಸಲೇ ಇಲ್ಲ. ಆಧುನಿಕ ಪದ್ಧತಿ ಎನ್ನುವಲ್ಲಿ ದೇವಯ್ಯನವರು ತಲೆ ಎತ್ತಿ, ಯಾರ ಕಡೆಯೂ ಅಲ್ಲದೆ, ಮೂಲೆಯ ಸಿಪ್ಪೆಯ ಗುಡ್ಡೆಯ ಕಡೆ ನೋಡಿದರು. ಓದಿ ಮುಗಿಸಿದ ಮೇಲೆ ದೇವರಾಜು ಕೆ.ಆರ್. ಪೇಟೆಯ ಕತೆ ತೆಗೆದರು. ಗೆದ್ದ ಆಟವನ್ನು ಕೈಯಾರೆ ಕೊಟ್ಟು ಬಂದದ್ದು, ಮಗು ಗೋಲಿನ ಮುಂದಿರುವಾಗ ಕರೆಸಿಕೊಂಡದ್ದು, ನಾಲ್ಕು ಊರಿನವರು ನಕ್ಕದ್ದು. ಅವತ್ತು ಆಚೆ ಬದಿಯಲ್ಲಿ ಕೂತಿದ್ದ ಅವರಿಗೆ ಕೈ ಎತ್ತಿದ್ದು ಯಾರೆಂದು ಕಂಡಿರಲಿಲ್ಲ. ಹೀಗೆ ಮಾಡುವವನನ್ನು ಕೋಚ್ ಅನ್ನುತ್ತಾರೆಯೇ ಎಂದು ಎಲ್ಲರನ್ನೂ ಕೇಳಿದರು.

ದೇವಯ್ಯನವರು ಕೆಲಸ ಒಪ್ಪಿಸಿಬಿಡುವವರಂತೆ ಗಡಿಯಾರದ ದಾರವನ್ನು ಗುಂಡಿಯಿಂದ ಬಿಚ್ಚತೊಡಗಿದರು. ದಾರ ಗಂಟುಬಿದ್ದಿತ್ತು, ಬೇಗ ಬಿಚ್ಚಿಕೊಳ್ಳಲಿಲ್ಲ. ಅದೊಂದರಿಂದ ನನಗೆ ಸಮಯ ಸಿಕ್ಕಿತು.

ಎದ್ದು ನಿಂತೆ. ಆ ಕೈ ಎತ್ತಿದ್ದು ನಾನು, ಅವರು ನನ್ನ ಮಗಳ ಕಾಲು ಹಿಡಿದುಕೊಂಡು ಕೂತಿದ್ದರು, ಆಟವನ್ನು ನೋಡದೆ ಗಡಿಯಾರವನ್ನೇ ನೋಡಿದ್ದು ನನ್ನ ತಪ್ಪು ಎಂದು ಹೇಳಿದೆ. ಅರ್ಜಿಯಲ್ಲಿ ಮೊದಲ ಸಹಿ ನನ್ನದು, ಅದನ್ನು ಹೊಡೆದು ಹಾಕಿ ಎಂದೂ ಹೇಳಿದೆ.  

ದೇವರಾಜು ಕಾಗದ ಕೆಳಗಿಳಿಸಿ ದೇವಯ್ಯನವರ ಕಡೆ ತಿರುಗಿದರು.

“ನೀನ್ಯಾಕ್ ಅವತ್ತೇ ಯೋಳ್ಲಿಲ್ಲ ದೇವಯ್ಯ?”

“ಯಾರೋ ತೂಬು ಎತ್ಬುಟ್ರು ಅಂತ ನೀರ್ಗಂಟಿ ಆದೋನು ಊರೆಲ್ಲ ಯೋಳ್ಕಂಡ್ ತಿರುಗಕ್ಕಾಯ್ತದಾ ಗೌಡ್ರೆ? ತೂಬು ನಂದು” ಎಂದರು ದೇವಯ್ಯ. ಮತ್ತೆ ನನ್ನ ಕಡೆ ತಿರುಗಿದರು. “ತಪ್ಪು ನಂದೇ ಕಣವ್ವ. ಗಡಿಯಾರ ಕೊಟ್ಟೆ, ಗದ್ದೆ ನೋಡದು ಯೋಳ್ಕೊಡ್ಲಿಲ್ಲ. ಹತ್ ನಿಮಿಷ ಆಯ್ತು ಅಂತ ನೀರು ಹರೀತಾ ಇರೋವಾಗ್ಲೇ ತೂಬು ಇಳಿಸ್ತಾರಾ? ಕೊನೆ ಮುಟ್ಬೇಕು, ಆಮೇಕೆ ಇಳಿಸ್ಬೇಕು.”

ಅಷ್ಟು ದಿನ ದಿನಾ ಎದುರಿಗೇ ಕೂತಿದ್ದರೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವರು ಕೈ ಎತ್ತುತ್ತಿದ್ದದ್ದು ಚೆಂಡು ಗೆರೆಯಾಚೆ ಹೋದಾಗ ಮಾತ್ರ. ಗಡಿಯಾರವೇ ಎಲ್ಲ ಎಂದುಕೊಂಡಿದ್ದೆ.

ಕಿಶನ್‌ನನ್ನು ಯಾರೋ ಕೇಳಿದರು, ನೀನಾದರೆ ಹೇಗೆ ಆಡಿಸುತ್ತೀಯಪ್ಪ ಎಂದು. ಅವನು ಮುಚ್ಚುಮರೆ ಮಾಡಲಿಲ್ಲ. ಗೆಲ್ಲಬೇಕೆಂದರೆ ಚೆನ್ನಾಗಿ ಆಡುವ ಏಳು ಜನರನ್ನು ಆರಿಸಿ ಅವರಿಗೇ ಹೆಚ್ಚು ಆಡಲು ಬಿಡಬೇಕು, ಉಳಿದವರು ಇನ್ನೂ ಎರಡು ವರ್ಷ ಕಾಯಬೇಕಾದೀತು ಎಂದ.  ಒಬ್ಬೊಬ್ಬರೂ ತಮ್ಮ ಮಗು ಯಾವ ಏಳರಲ್ಲಿ ಬರುತ್ತದೆ ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದಂತೆ ನನಗೆ ಕಂಡಿತು. ನಾನಂತೂ ಎಣಿಸಿದೆ. ಅರ್ಪಿತ ಏಳರೊಳಗೆ ಬರುತ್ತಿದ್ದಳು. ಮೇಘನ ಬರುತ್ತಿರಲಿಲ್ಲ. ಅವಳು ತನ್ನ ತಾಯಿಯ ಪಕ್ಕ ನಿಂತು ಕನ್ನಡಕವನ್ನು ಲಂಗದ ತುದಿಯಿಂದ ಒರೆಸುತ್ತಿದ್ದಳು.

ಆಗ ಜಗಲಿಯಿಂದ ಅತ್ತೆಯ ದನಿ ಬಂತು. ಅವರು ದೇವರಾಜು ಅವರಿಗೆ ವರಸೆಯಲ್ಲಿ ಅತ್ತಿಗೆ, ಚಿಕ್ಕಂದಿನಿಂದ ಕಂಡವರು.

“ಲೇ ದೇವರಾಜ, ನೀನು ಅಧ್ಯಕ್ಸ ಆಗಿ ಎಷ್ಟ್ ವರ್ಸ ಆಯ್ತ್ಲಾ?”

ತಂಡ ಶುರುವಾದಾಗಿನಿಂದ ತಾನೇ ಎಂದರು ದೇವರಾಜು. ಹಾಗಾದರೆ ಮಕ್ಕಳಿಗೆಲ್ಲ ಹತ್ತು ನಿಮಿಷದ ಸರದಿ, ನಿನಗೊಬ್ಬನಿಗೆ ಎರಡು ವರ್ಷದ ಸರದಿಯೇ ಎಂದು ಅತ್ತೆ ಕೇಳಿದರು. ಸೋತದ್ದಕ್ಕೆ ಕೋಚ್ ಒಬ್ಬನೇ ಯಾಕೆ ಹೋಗಬೇಕು, ಸಮಿತಿಯೂ ಸೋತಿಲ್ಲವೇ ಎಂದರು.

“ನಿನ್ ಗದ್ದೆ ನೀರು ಕುಡ್ದು ತುಂಬೋಯ್ತು ಕಣ್ಲಾ. ಈಗ ಕೆಳಗ್ಲೋರ್ಗೆ ಬುಡು.”

ಮೊದಲು ನಕ್ಕದ್ದು ಕಿಶನ್. ಆಮೇಲೆ ತಡೆಯಲಾಗದೆ ಎಲ್ಲರೂ ನಕ್ಕರು. ದೇವರಾಜು ನಗಲಿಲ್ಲ. ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಕಾಫಿಯನ್ನೂ ಕುಡಿಯದೆ ಎದ್ದು ಹೋದರು. ಉಳಿದವರು ಅಲ್ಲೇ ಕೂತು ತೀರ್ಮಾನಿಸಿದರು. ದೇವಯ್ಯನವರೇ ಕೋಚ್. ಕಿಶನ್ ತಿಂಗಳಿಗೆ ಎರಡು ಸಲ ಬಂದು ಚೆಂಡು ಒದೆಯುವ ರೀತಿ ಹೇಳಿಕೊಡಬೇಕು. ಸಮಿತಿ ಮಾತ್ರ ಹೊಸದು, ಅದಕ್ಕೂ ಆರಾರು ತಿಂಗಳ ಸರದಿ. ಮೊದಲ ಸರದಿಯ ಅಧ್ಯಕ್ಷೆಯಾಗಿ, ಒಂದೇ ಒಂದು ಪಂದ್ಯವನ್ನೂ ಪೂರ್ತಿ ನೋಡಿರದ ಚಿಕ್ಕಬೋರಮ್ಮನವರು ಆರಿಸಿ ಬಂದರು. ಅರ್ಜಿ ಬರೆಯಲು ಬರುತ್ತದೆ ಎಂಬ ಕಾರಣಕ್ಕೆ ನಾನು ಕಾರ್ಯದರ್ಶಿ.

ರಾತ್ರಿಯೆಲ್ಲ ನನಗೆ ಒಂದೇ ಚಿಂತೆ, ಅಂಗಳಕ್ಕೆ ಬೀಗ ಬಿದ್ದರೆ ಮಕ್ಕಳು ಎಲ್ಲಿ ಆಡಬೇಕು ಎಂದು. ಮರುದಿನ ಸಂಜೆ ಹೋದಾಗ ಗೇಟು ತೆರೆದೇ ಇತ್ತು. ಮೂಲೆಯ ಸಿಪ್ಪೆಯ ಗುಡ್ಡೆ ಕಾಣಲಿಲ್ಲ. ದೇವರಾಜು ಬೆಳಿಗ್ಗೆಯೇ ಟ್ರಾಕ್ಟರಿಗೆ ತುಂಬಿಸಿ ಸಾಗಿಸಿಬಿಟ್ಟರಂತೆ. ಮೈದಾನ ಅಷ್ಟಗಲ ದೊಡ್ಡದಾಗಿತ್ತು. ದೇವಯ್ಯನವರು ಹೊಸ ಜಾಗದ ಸುತ್ತ ಸುಣ್ಣದ ಗೆರೆ ಎಳೆಯುತ್ತಿದ್ದರು.

ನಾಗಮಂಗಲದವರು ಪಂದ್ಯಕ್ಕೆ ಅಲ್ಲಿಗೇ ಬಂದರು. ದೇವರಾಜು ತಮ್ಮ ಭಾವಮೈದುನನ ಪಕ್ಕದಲ್ಲಿ ಕೂತಿದ್ದರು, ಈ ಸಲ ಅಧ್ಯಕ್ಷರಲ್ಲದ್ದರಿಂದ ಅಷ್ಟು ಬಿಗಿಯಾಗಿಯೂ ಇರಲಿಲ್ಲ. ಗಡಿಯಾರ ನನ್ನ ಕೈಯಲ್ಲಿತ್ತು. ಕೆ.ಆರ್. ಪೇಟೆಯಿಂದ ಬಂದ ಮೇಲೆ ನಾನದನ್ನು ಮುಟ್ಟಿದ್ದು ಅದೇ ಮೊದಲು, ದೇವಯ್ಯನವರೇ ತಂದುಕೊಟ್ಟದ್ದು.

ಒಂದು ಒಂದು ಸಮವಾಗಿತ್ತು. ಕೊನೆಯ ಸರದಿ ಹತ್ತಿರವಾಗುತ್ತಿತ್ತು. ಮೇಘನ ಒಳಗಿದ್ದಳು. ಅವಳ ಬದಲಿಗೆ ಹೋಗಬೇಕಾದವಳು ಅರ್ಪಿತ, ಗೆರೆಯ ಬಳಿ ನಿಂತು ಕಾಲು ಬದಲಿಸುತ್ತಿದ್ದಳು. ಮುಳ್ಳು ಹತ್ತಕ್ಕೆ ಬಂತು. ಅದೇ ಹೊತ್ತಿಗೆ ಚೆಂಡು ಹೇಗೋ ಉರುಳಿ ಮೇಘನಳ ಕಾಲಿಗೆ ಬಂದು ಬಿತ್ತು. ಅವಳು ಕಣ್ಣು ಮುಚ್ಚಲಿಲ್ಲ.

“ಅಮ್ಮಾ, ಹತ್ತು ನಿಮಿಷ ಆಯ್ತು, ಕೈ ಎತ್ತು” ಎಂದು ಅರ್ಪಿತ ನನ್ನ ಸೆರಗು ಎಳೆದಳು.

ದೇವಯ್ಯನವರ ಕಡೆ ನೋಡಿದೆ. ಅವರು ನನ್ನತ್ತ ನೋಡುತ್ತಿರಲಿಲ್ಲ. ಗಡಿಯಾರವನ್ನು ಚೀಲದೊಳಗೆ, ಹತ್ತಿಯ ಮೇಲೆ ಇಟ್ಟೆ.

“ತಡಿ ಮಗಳೇ. ನೀರು ಇನ್ನೂ ಕೊನೆ ಮುಟ್ಟಿಲ್ಲ.”

ಮೇಘನ ಓಡಿದಳು. ಓಟವೆನ್ನುವುದಕ್ಕಿಂತ ಬೇಗಬೇಗ ನಡೆದಳು. ಗೋಲಿನವರೆಗೂ ಹೋಗಿ ಒದ್ದಳು. ಚೆಂಡು ಸರ್ವೆ ಗಳುವಿಗೆ ಬಡಿದು ಗೆರೆಯಾಚೆ ಹೋಯಿತು. ಅದು ನಿಂತ ಮೇಲೆ ಕೈ ಎತ್ತಿದೆ. ಅರ್ಪಿತ ಬಾಣದ ಹಾಗೆ ಒಳಗೆ ಹೋದಳು. ಮೇಘನ ಹೊರಗೆ ಬಂದು, ಏದುಸಿರು ಬಿಡುತ್ತಾ, ನನ್ನ ಬಾಟಲಿಯ ನೀರನ್ನೆಲ್ಲ ಒಂದೇ ಗುಟುಕಿಗೆ ಕುಡಿದಳು.

ಆಟ ಸಮವಾಗಿಯೇ ಮುಗಿಯಿತು. ಈ ಸಲ ಮಳೆ ಬಂದಿರಲಿಲ್ಲ. ಭಾವಮೈದುನನಿಗೆ ಹೇಳಲು ಏನೂ ಸಿಗದೆ ಅವನು ದೇವರಾಜು ಅವರ ಮನೆಗೆ ಊಟಕ್ಕೆ ನಡೆದ. ದೇವಯ್ಯನವರು ಬಂದು ಚೀಲದೊಳಗಿಂದ ಗಡಿಯಾರ ಎತ್ತಿಕೊಂಡರು, ಅದಕ್ಕೆ ಮೆತ್ತಿದ್ದ ಹತ್ತಿಯ ಎಳೆಗಳನ್ನು ಬಿಡಿಸುತ್ತಾ, ಒಂದು ನಿಮಿಷ ಜಾಸ್ತಿ ಬುಟ್ರಿ ಎಂದರು. ಕುಳ್ಳಮ್ಮನವರು ಊಟಕ್ಕೆ ಕಾಯುತ್ತಿರುತ್ತಾರೆ ಎಂದು ನೆನಪಿಸಿದೆ. ಹೌದಲ್ಲ ಎಂದು ದಾರವನ್ನು ಗುಂಡಿಗೆ ಸುತ್ತಿಕೊಂಡವರು, ಮನೆಯ ಕಡೆ ಹೊರಡದೆ, ಅಳಿಸಿಹೋಗಿದ್ದ ಗೆರೆಗೆ ಮತ್ತೆ ಸುಣ್ಣ ಹಾಕುತ್ತಾ ಕೂತರು.